ಬೇಡ್ತಿಯ ಲೆಕ್ಕ, ನಮ್ಮ ಕೊಳವೆ ಬಾವಿಯ ಲೆಕ್ಕ

ಶರಾವತಿ ಕಣಿವೆಯ ಮಗ್ಗುಲಿನ ತಾಳಗುಪ್ಪದಿಂದ ಹೊರಟ 400 ಕಿಲೋವೋಲ್ಟ್ ವಿದ್ಯುತ್ ಮಾರ್ಗವು ಕಾಡು, ಗದ್ದೆ, ಬಯಲುಗಳನ್ನು ದಾಟಿ ನಮ್ಮ ನೆಲಮಂಗಲದ ಸ್ವೀಕರಣಾ ಕೇಂದ್ರಕ್ಕೆ ಬಂದು ಮುಟ್ಟುತ್ತದೆ. ಅಲ್ಲಿಂದ ಕವಲೊಡೆದು ಬೆಂಗಳೂರಿನ ದೀಪಗಳಿಗೂ, ದೊಡ್ಡಬಳ್ಳಾಪುರದ ಮಗ್ಗಗಳಿಗೂ, ದೇವನಹಳ್ಳಿ, ಹೊಸಕೋಟೆಗಳ ನಮ್ಮ ಪಂಪ್‌ಸೆಟ್ಟುಗಳಿಗೂ ವಿದ್ಯುಚ್ಛಕ್ತಿ ಹಂಚಿಹೋಗುತ್ತದೆ. ಆದ್ದರಿಂದ ಮಲೆನಾಡಿನ ಯಾವುದಾದರೊಂದು ಕಾಡನ್ನು ವಿದ್ಯುತ್ತಿಗಾಗಿ ಅಗೆಯಬೇಕೇ ಬೇಡವೇ ಎಂಬ ಚರ್ಚೆ ಎದ್ದಾಗ, ಅದು ಘಟ್ಟದವರ ಪಾಡು, ನಮಗೇಕೆ ಎಂದು ಬಯಲುಸೀಮೆಯ ತೋಟಗಾರನು ಸುಮ್ಮನಿರುವಂತಿಲ್ಲ. ಆ ತಂತಿಯ ಇನ್ನೊಂದು ತುದಿ ನಮ್ಮ ಸ್ಟಾರ್ಟರ್ ಪೆಟ್ಟಿಗೆಯಲ್ಲಿದೆ.

ಈ ಚರ್ಚೆ ಎಲ್ಲ ದೇಶಗಳಲ್ಲೂ ಉಂಟು. ಅಮೆರಿಕದ ಅಲಾಸ್ಕದಲ್ಲಿ, ಉತ್ತರ ಧ್ರುವದ ಸಮೀಪ, 1960ರಲ್ಲಿ ಕಾಯ್ದಿಟ್ಟ ಒಂದು ವನ್ಯಧಾಮವಿದೆ. ಈಗ ಅದರ ವಿಸ್ತಾರ ಸುಮಾರು 1 ಕೋಟಿ 90 ಲಕ್ಷ ಎಕರೆ, ಎಂದರೆ ನಮ್ಮ ರಾಜ್ಯದ ಐದರಲ್ಲಿ ಎರಡು ಪಾಲು. ಅದರ ಕರಾವಳಿ ಬಯಲಿನ ಅಡಿಯಲ್ಲಿ ತೈಲವಿದೆಯೆಂದು, ಅದನ್ನು ಕೊರೆಯಲು ಬಿಡಬೇಕೆಂದು, ನಾಲ್ಕು ದಶಕಗಳಿಂದ ಜಗ್ಗಾಟ ನಡೆದಿದೆ. ಅದೇ ಬಯಲಿನಲ್ಲಿ ಕ್ಯಾರಿಬೂ ಎಂಬ ಜಿಂಕೆಗಳ ಹಿಂಡು ಬಂದು ಮರಿಹಾಕುತ್ತದೆ; ಆ ಹಿಂಡನ್ನು ನಂಬಿ ಗ್ವಿಚಿನ್ ಎಂಬ ಮೂಲನಿವಾಸಿಗಳು ಬದುಕಿದ್ದಾರೆ. 2017ರಲ್ಲಿ ಕಾಯಿದೆ ಮಾಡಿ ಗುತ್ತಿಗೆಗೆ ದಾರಿ ತೆರೆದರು. 2021ರ ಜನವರಿಯ ಹರಾಜಿಗೆ ದೊಡ್ಡ ತೈಲ ಕಂಪನಿಗಳು ಬರಲಿಲ್ಲ. 2025ರ ಜನವರಿಯ ಹರಾಜಿನಲ್ಲಿ ಒಬ್ಬರೂ ಕೂಗಲಿಲ್ಲ. ಹಾಗಿದ್ದೂ ಅದೇ ವರ್ಷ ಅಲ್ಲಿನ ಸರ್ಕಾರ ಇಡೀ ಬಯಲನ್ನು ಮತ್ತೆ ಗುತ್ತಿಗೆಗೆ ತೆರೆದಿದೆ. ಕೊಳ್ಳುವವರಿಲ್ಲದ ಸಂತೆಗೆ ಮತ್ತೆ ಮತ್ತೆ ಗಾಡಿ ಕಟ್ಟುವುದೆಂದರೆ ಇದೇ.

ತೈಲದ ಹಣ ನಮ್ಮ ಕಾಡಿಗೂ ಒಮ್ಮೆ ಬಂದಿತ್ತು. 1975ರಲ್ಲಿ ಇರಾನಿನ ಷಾ ಸರ್ಕಾರ ಕಬ್ಬಿಣದ ಅದಿರಿಗಾಗಿ 63 ಕೋಟಿ ಡಾಲರು ಸಾಲ ಕೊಡಲು ಒಪ್ಪಿತು. ಮರುವರ್ಷವೇ ಕುದುರೆಮುಖ ಕಂಪನಿ ಸ್ಥಾಪನೆಯಾಯಿತು. 1979ರಲ್ಲಿ ಷಾ ಪದಚ್ಯುತನಾದ, ಅದಿರು ಕೊಳ್ಳಬೇಕಾಗಿದ್ದ ದೇಶ ಕೈಬಿಟ್ಟಿತು, ಆದರೆ ಭದ್ರೆ ಹುಟ್ಟುವ ಬೆಟ್ಟಗಳಲ್ಲಿ ಅಗೆತ ನಿಲ್ಲಲಿಲ್ಲ. ಮಳೆಗಾಲದಲ್ಲಿ ಭದ್ರೆಯ ನೀರು ಕೆಂಪಾಗಿ ಹೂಳು ಹೊತ್ತು ಬರುವುದನ್ನು ಕೆಳಗಿನ ರೈತರು ಹೇಳುತ್ತಲೇ ಬಂದರು. 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತು, 2005ರ ಡಿಸೆಂಬರ್ ಕೊನೆಗೆ ಗಣಿ ಮುಚ್ಚಿತು.

ಆದರೆ ನಮ್ಮಂಥ ಸಹಕಾರಿಗಳು ವಿಶೇಷವಾಗಿ ತಿಳಿಯಬೇಕಾದದ್ದು ಬೇಡ್ತಿಯ ಕಥೆ. ಅದನ್ನು ನಡೆಸಿದವರು ಅಡಿಕೆ ಬೆಳೆಗಾರರು, ಮುಂದೆ ನಿಂತದ್ದು ಅವರ ಸಹಕಾರ ಸಂಘ.

ಧಾರವಾಡದ ಕಡೆ ಹುಟ್ಟುವ ಬೇಡ್ತಿ ನದಿ ಯಲ್ಲಾಪುರ ತಾಲೂಕಿನಲ್ಲಿ ಮಾಗೋಡು ಜಲಪಾತವಾಗಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. 1970ರ ದಶಕದ ಕೊನೆಯಲ್ಲಿ ಇದಕ್ಕೆ ಅಣೆಕಟ್ಟು ಹಾಕಿ 210 ಮೆಗಾವಾಟ್ ವಿದ್ಯುತ್ ಉತ್ಪಾದಿಸುವ ಯೋಜನೆ ಸಿದ್ಧವಾಯಿತು. ಮುಳುಗುವುದು ದಟ್ಟ ಕಾಡು, ಕಣಿವೆಯ ತೋಟಗಳು, ತೋಟಗಳಿಗೆ ಹೊಂದಿದ ಸೊಪ್ಪಿನ ಬೆಟ್ಟಗಳು. ಸೊಪ್ಪಿನ ಬೆಟ್ಟವೆಂದರೇನೆಂದು ನಮ್ಮ ಸೀಮೆಯವರಿಗೆ ಒಂದು ಮಾತು ಹೇಳಬೇಕು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟದ ಹಕ್ಕು ಹಿಂದಿನಿಂದ ಬಂದಿದೆ. ಅಲ್ಲಿನ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ಮರದ ಬುಡಕ್ಕೆ ಕೊಡುತ್ತಾರೆ. ಬೆಟ್ಟ ಹೋದರೆ ತೋಟ ಉಳಿದರೂ ಉಳಿದಂತಲ್ಲ. ಮುಳುಗಿದ ತೋಟಕ್ಕೆ ಪರಿಹಾರದ ಹಣ ಕೊಟ್ಟರೂ, ಆ ಹಣದಿಂದ ಇನ್ನೊಂದು ಕಣಿವೆಯನ್ನು ಕೊಳ್ಳಲಾಗುವುದಿಲ್ಲ.

ಇಂತಹ ಹೊತ್ತಿನಲ್ಲಿ ಸಾಮಾನ್ಯವಾಗಿ ನಡೆಯುವುದು ಮನವಿ, ಮೆರವಣಿಗೆ, ಘೋಷಣೆ. ಅವೂ ನಡೆದವು. ಆದರೆ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಇನ್ನೊಂದು ಕೆಲಸ ಮಾಡಿತು. 1923ರಲ್ಲಿ ಅಡಿಕೆ ಮಾರಾಟಕ್ಕೆಂದು ಹುಟ್ಟಿದ ಈ ಸಂಘ, ವ್ಯಾಪಾರಕ್ಕೆ ತಕ್ಕಡಿ ಹಿಡಿದಂತೆ ಯೋಜನೆಯನ್ನೂ ತಕ್ಕಡಿಗೆ ಹಾಕಿತು. ಸರ್ಕಾರದ ಯೋಜನಾ ವರದಿಯನ್ನು ತಜ್ಞರ ಕೈಗಿತ್ತು, ಖರ್ಚಿನ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ ನೋಡಿ ಎಂದು ಕೇಳಿತು. 1981ರ ಜನವರಿಯಲ್ಲಿ ವಿಚಾರ ಸಂಕಿರಣ ಏರ್ಪಟ್ಟು, ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ಇಂಜಿನಿಯರುಗಳು ಬೆಳೆಗಾರರ ಎದುರಿನಲ್ಲೇ ಅಂಕಿ ಅಂಶಗಳನ್ನು ಬಿಡಿಸಿದರು. ಕಾಡಿನ ಬೆಲೆಯನ್ನು ಕಡಿದ ಮರದ ಬೆಲೆಯಿಂದ ಮಾತ್ರ ಅಳೆಯಬಹುದೇ? ಅಡಿಕೆ, ಏಲಕ್ಕಿ, ಮೆಣಸು ವರ್ಷವರ್ಷವೂ ಕೊಡುವ ಆದಾಯವನ್ನು ನಷ್ಟದ ಕಡೆ ಬರೆಯಲಾಗಿದೆಯೇ? ಇಂತಹ ಪ್ರಶ್ನೆಗಳಿಗೆ ಸಮರ್ಪಕ ಉತ್ತರ ಸಿಗಲಿಲ್ಲ. ಯೋಜನೆ ಬದಿಗೆ ಸರಿಯಿತು. ಅದೇ ಸೀಮೆಯ ಸಾಲ್ಕಣಿಯ ಕಾಡಿನಲ್ಲಿ 1983ರ ಸೆಪ್ಟೆಂಬರಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದ್ದು ಎಲ್ಲರಿಗೂ ತಿಳಿದಿದೆ; ಅದಕ್ಕೆ ಮುಂಚೆ ಲೆಕ್ಕದ ಪುಸ್ತಕ ಹಿಡಿದು ನದಿ ಉಳಿಸಿಕೊಂಡದ್ದನ್ನು ಕಡಿಮೆ ಮಂದಿ ಬಲ್ಲರು.

ಈಗ ಅದೇ ಪ್ರಶ್ನೆ ಶರಾವತಿಯಲ್ಲಿ ಬೇರೆ ವೇಷದಲ್ಲಿ ಬಂದಿದೆ. ತಳಕಳಲೆ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೂ ನಡುವೆ 2,000 ಮೆಗಾವಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಸ್ಥಾವರ ಕಟ್ಟುವ ಪ್ರಸ್ತಾಪವಿದು. ಹಗಲಿನಲ್ಲಿ ಮಿಕ್ಕ ಸೌರ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ, ಸಂಜೆ ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ನೂರು ಯೂನಿಟ್ಟು ಕೊಟ್ಟರೆ ಎಂಬತ್ತರ ಆಸುಪಾಸು ಹಿಂದಿರುಗುತ್ತದೆ. ಅದು ಎಲ್ಲ ಬಗೆಯ ಕೂಡಿಡುವಿಕೆಗೂ ತಪ್ಪದ ತೆರಿಗೆ, ಅದನ್ನು ದೋಷವೆನ್ನಲಾರೆ. ದೋಷವಿರುವುದು ಜಾಗದಲ್ಲಿ. ಸುರಂಗ, ರಸ್ತೆ, ಮಣ್ಣು ಸುರಿಯುವ ತಾಣ ಎಲ್ಲವೂ ಬರುವುದು ಸಿಂಗಳೀಕ ಅಭಯಾರಣ್ಯದ ಒಳಗೆ. ಸಿಂಗಳೀಕವು ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ಸಾಗುವ ಪ್ರಾಣಿ; ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮರಗಳ ನೆತ್ತಿಯ ಸಾಲು ತುಂಡಾದರೆ ಅದರ ದಾರಿಯೇ ತುಂಡಾದಂತೆ. ಇದು ಶುದ್ಧ ಶಕ್ತಿಯ ಯೋಜನೆ ಎಂಬ ಮಾತು ಸುಳ್ಳಲ್ಲ. ಆದರೆ ಶುದ್ಧವಾದ ಕೆಲಸವನ್ನು ಬರಡು ನೆಲದಲ್ಲಿಯೂ ಮಾಡಬಹುದು. ಆಂಧ್ರದ ಕರ್ನೂಲು ಸೀಮೆಯ ಪಿನ್ನಾಪುರದಲ್ಲಿ ನದಿಯ ಹರಿವಿನಿಂದ ದೂರದಲ್ಲಿ ಇಂಥದೇ ಸ್ಥಾವರ ಕಟ್ಟಿದ್ದಾರೆ.

ಇಲ್ಲಿಗೆ ನಿಲ್ಲಿಸಿದರೆ ನಮ್ಮದು ಬಾಯುಪಚಾರವಾಗುತ್ತದೆ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನ ಸುಮಾರು ಮೂರರಲ್ಲೊಂದು ಪಾಲು ನೀರಾವರಿ ಪಂಪ್‌ಸೆಟ್ಟುಗಳದ್ದು. 10 ಅಶ್ವಶಕ್ತಿಯವರೆಗೆ ನಮಗೆ ಬಿಲ್ಲಿಲ್ಲ. ಬಿಲ್ಲಿಲ್ಲದ್ದರಿಂದ ಲೆಕ್ಕವನ್ನೂ ಇಡುವುದಿಲ್ಲ. ಶಿರಸಿಯವರು ಸರ್ಕಾರದ ಲೆಕ್ಕ ಬಿಡಿಸಿದಂತೆ ನಾವು ನಮ್ಮ ಲೆಕ್ಕವನ್ನೊಮ್ಮೆ ಬಿಡಿಸೋಣ.

ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಮರ. ಬೇಸಿಗೆಯಲ್ಲಿ ಪಾತಿಗೆ ಹಾಯಿಸುವವರು ಮರಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಕೊಟ್ಟರೆ, ದಿನಕ್ಕೆ ಎಕರೆಗೆ 23ರಿಂದ 24 ಸಾವಿರ ಲೀಟರ್ ಬೇಕು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು, ಎಂದರೆ ಎಕರೆಗೆ ಸುಮಾರು 10 ಸಾವಿರ ಲೀಟರ್. ಇನ್ನು ಎತ್ತುವ ಶ್ರಮ. ನೀರು ಸಾವಿರ ಅಡಿ ಆಳದಲ್ಲಿ ನಿಂತಿದ್ದರೆ, ಪಂಪು ಮೋಟಾರುಗಳಲ್ಲಿ ಅರ್ಧ ಶಕ್ತಿ ಸೋರಿಹೋಗುತ್ತದೆಂದು ಹಿಡಿದರೆ, ಸಾವಿರ ಲೀಟರ್ ಮೇಲೆ ತರಲು ಒಂದೂ ಮುಕ್ಕಾಲು ಯೂನಿಟ್ಟಿನ ಹತ್ತಿರ ಖರ್ಚು. ಪಾತಿ ನೀರಿಗೆ ಎಕರೆಗೆ ದಿನಕ್ಕೆ 40 ಯೂನಿಟ್ಟು, ಹನಿ ನೀರಿಗೆ 17. ನಮ್ಮ ಹಿರಿಯರು ಕಪಿಲೆ ಹೊಡೆಯುತ್ತಿದ್ದ ಮೂವತ್ತು ಅಡಿಯ ಬಾವಿಯಲ್ಲಿ ಇಂದು ನೀರಿದ್ದಿದ್ದರೆ ಅದೇ ಹನಿ ನೀರಿಗೆ ಅರ್ಧ ಯೂನಿಟ್ಟು ಸಾಕಾಗುತ್ತಿತ್ತು. ಐದು ತಿಂಗಳ ಬೇಸಿಗೆಯಲ್ಲಿ ಪಾತಿಗೂ ಹನಿಗೂ ಇರುವ ವ್ಯತ್ಯಾಸವೇ ಎಕರೆಗೆ 3,400 ಯೂನಿಟ್ಟು ದಾಟುತ್ತದೆ. ಈ ಬರಹಗಾರನೂ ಪಂಪ್‌ಸೆಟ್ ಉಳ್ಳವನೇ. ಲೆಕ್ಕ ಹಾಕಿದ ದಿನ ತುಸು ನಾಚಿಕೆಯೇ ಆಯಿತು.

ಸೂರ್ಯನ ಶಕ್ತಿಯ ವಿಷಯದಲ್ಲಿ ತೋಟಗಾರನಿಗೆ ಪಟ್ಟಣದವನಿಗಿಲ್ಲದ ಒಂದು ಅನುಕೂಲವುಂಟು. ಪಟ್ಟಣಕ್ಕೆ ದೀಪ ಬೇಕಾದದ್ದು ಸಂಜೆ, ಆದ್ದರಿಂದಲೇ ಕೂಡಿಡುವ ಸ್ಥಾವರ ಬೇಕೆನ್ನುತ್ತಾರೆ. ನಮ್ಮ ಪಂಪು ಹಗಲಿನಲ್ಲೇ ಓಡಬಹುದು. ಕೃಷಿ ಹೊಂಡಕ್ಕೆ ನೀರು ತುಂಬಿಟ್ಟರೆ ಅದೇ ನಮ್ಮ ಬ್ಯಾಟರಿ. ಅದಕ್ಕೆ ಸಿಂಗಳೀಕದ ಕಾಡಿನಲ್ಲಿ ಸುರಂಗ ಕೊರೆಯಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಕರೆಂಟು ಬಂತೆಂದು ಹಾವು ಚೇಳಿನ ನಡುವೆ ಟಾರ್ಚು ಹಿಡಿದು ಓಡಬೇಕಾಗಿಯೂ ಇಲ್ಲ. ಸೌರ ಪಂಪಿಗೆ ಕುಸುಮ್ ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಹಾಯಧನವಿದೆ. ಇಡೀ ಫೀಡರಿಗೇ ಸೌರ ಸ್ಥಾವರ ಜೋಡಿಸುವ ಕೆಲಸಕ್ಕೆ ರಾಜ್ಯದಲ್ಲಿ 2025ರ ಜೂನ್‌ನಲ್ಲಿ ಚಾಲನೆ ದೊರೆತದ್ದು ನಮ್ಮ ನೆರೆಯ ಗೌರಿಬಿದನೂರು ತಾಲೂಕಿನಲ್ಲಿ.

ಆದರೆ ಒಂದು ಅಪಾಯವನ್ನು ಮುಚ್ಚಿಡಲಾಗದು. ನಮ್ಮ ನಾಲ್ಕೂ ತಾಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಬಂದಿರುವಂಥವು. ಬಿಸಿಲು ಇರುವಷ್ಟು ಹೊತ್ತೂ ಖರ್ಚಿಲ್ಲದೆ ಓಡುವ ಪಂಪು ಇರುವ ನೀರನ್ನೂ ಬೇಗ ಮುಗಿಸೀತು. ಕನಕಪುರ ತಾಲೂಕಿನ ಹಾರೋಬೆಲೆಯಲ್ಲಿ ಹತ್ತು ವರ್ಷಕ್ಕೆ ಹಿಂದೆ ನಡೆದ ಸೂರ್ಯ ರೈತ ಯೋಜನೆಯ ತಿರುಳು ಇಲ್ಲಿ ಉಪಯುಕ್ತ: ರೈತ ತನ್ನ ಪಂಪಿಗೆ ಬಳಸಿ ಮಿಕ್ಕ ವಿದ್ಯುತ್ತನ್ನು ಬೆಸ್ಕಾಂಗೆ ಮಾರಬಹುದು. ನೀರು ಎತ್ತದೆ ಉಳಿಸಿದರೂ ಹಣ ಬರುತ್ತದೆಂದಾದರೆ ಕೈ ತಾನೇ ಬಿಗಿಯಾಗುತ್ತದೆ. ಅದರ ಅನುಷ್ಠಾನದ ಕಷ್ಟಸುಖ ಬೇರೆ ಮಾತು, ಆಲೋಚನೆ ಸರಿಯಾದದ್ದು.

ಚಿಕ್ಕ ಪ್ರಯತ್ನಗಳನ್ನು ನಗುವವರಿದ್ದಾರೆ. ನೆಲಮಂಗಲದಾಚೆ ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಗೋಬರ್ ಅನಿಲದಿಂದ ಇಂಜಿನ್ ಓಡಿಸಿ, 1987ರ ನಂತರ ಹಲವು ವರ್ಷ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಕೊಟ್ಟರು. ಸಗಣಿಯ ಬಗ್ಗಡ ಗೊಬ್ಬರವಾಗಿ ಹೊಲಕ್ಕೇ ಹಿಂದಿರುಗಿತು. ಅದೇ ರೆಡ್ಡಿಯವರು ರಾಜ್ಯದ ವಿದ್ಯುತ್ ಬೇಡಿಕೆಯ ಸರ್ಕಾರಿ ಅಂದಾಜನ್ನು ಬಿಡಿಸಿ ನೋಡಿ, ಉಳಿತಾಯವೂ ಸ್ಥಳೀಯ ಮೂಲಗಳೂ ಸೇರಿದರೆ ಅದರ ಅರ್ಧಕ್ಕಿಂತ ಬಹಳ ಕಡಿಮೆಯಲ್ಲಿ ಕೆಲಸ ಸಾಗುತ್ತದೆಂದು 1991ರಲ್ಲಿ ತೋರಿಸಿದ್ದರು.

ನಮ್ಮ ಸಂಘದ ಮುಂದಿನ ಸಭೆಗೆ ಬರುವ ಸದಸ್ಯರು ತಮ್ಮ ಪಂಪಿನ ಅಶ್ವಶಕ್ತಿ, ನೀರು ನಿಂತ ಆಳ, ದಿನಕ್ಕೆ ಓಡಿಸುವ ಗಂಟೆ, ಮರಗಳ ಸಂಖ್ಯೆ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ತಂದರೆ, ಎಲ್ಲರದನ್ನೂ ಕೂಡಿಸಿ ಒಂದು ಪಟ್ಟಿ ಮಾಡಬಹುದು. ಶರಾವತಿಯ ವಿಷಯದಲ್ಲಿ ನಾವು ಬರೆಯುವ ಯಾವುದೇ ಮನವಿಯ ಕೆಳಗೆ ಆ ಪಟ್ಟಿಯೂ ಇರಲಿ. ಬೋರು ಬತ್ತಿದವರೂ ಬರೆದು ತರಬೇಕು. ಆಳದ ಕಲಮಿನಲ್ಲಿ ಎಷ್ಟು ಅಡಿ ಕೊರೆಸಿದಿರೆಂದು ನಮೂದಿಸಿದರೆ ಸಾಕು.