ಮೋಡ ಭೂಮಿಗೆ ತಂಪೋ, ಬಿಸಿಯೋ?

ಪ್ರಶ್ನೆ: ಮೋಡ ಕವಿದ ಹಗಲು ತಂಪು, ಮೋಡ ಕವಿದ ರಾತ್ರಿ ಸೆಕೆ. ಹಾಗಾದರೆ ಒಟ್ಟಾರೆ ಭೂಮಿಗೆ ಮೋಡದಿಂದ ಆಗುವುದು ತಂಪೋ, ಬಿಸಿಯೋ?

ಉತ್ತರ: ಸದ್ಯಕ್ಕೆ ತಂಪೇ. ಮೋಡಗಳು ಬಿಸಿಲನ್ನು ಬಾಹ್ಯಾಕಾಶಕ್ಕೆ ಮರಳಿಸುತ್ತವೆ. ನೆಲದಿಂದ ಮೇಲೇರುವ ಶಾಖವನ್ನು ತಡೆದೂ ಹಿಡಿಯುತ್ತವೆ. ಮೊದಲನೆಯದರದೇ ಮೇಲುಗೈ. ಕೂಡಿ ಕಳೆದರೆ ಪ್ರತಿ ಚದರ ಮೀಟರಿಗೆ ಸುಮಾರು 20 ವ್ಯಾಟ್‌ನಷ್ಟು ಶಾಖ ಭೂಮಿಗೆ ತಪ್ಪುತ್ತದೆ ಎನ್ನುತ್ತವೆ ಉಪಗ್ರಹಗಳ ಅಳತೆಗಳು.

ಆದರೆ ಎಲ್ಲ ಮೋಡಗಳ ಗುಣ ಒಂದೇ ಅಲ್ಲ. ಬಹಳ ಎತ್ತರದಲ್ಲಿರುವ, ಹಿಮಕಣಗಳ ತೆಳು ಮೋಡ ಬಿಸಿಲನ್ನು ಒಳಬಿಟ್ಟು ಶಾಖವನ್ನು ಹಿಡಿದಿಡುತ್ತದೆ. ತಂಪೆರೆಯುವುದು ಕಡಲಿನ ಮೇಲೆ ತಗ್ಗಿನಲ್ಲಿ ಹರಡಿಕೊಂಡ ದಟ್ಟ ಮೋಡ. ಪೆರು ದೇಶದ ಕರಾವಳಿಯನ್ನೇ ನೋಡಿ. ದಕ್ಷಿಣದಿಂದ ಬರುವ ಹಂಬೋಲ್ಟ್ ಪ್ರವಾಹವೂ ಆಳದಿಂದ ಉಕ್ಕುವ ತಣ್ಣೀರೂ ಕಡಲ ಮೇಲಿನ ಗಾಳಿಯನ್ನು ತಣಿಸುತ್ತವೆ. ಅದರ ಮೇಲೆ ಬೆಚ್ಚನೆಯ ಒಣಗಾಳಿ ಮುಚ್ಚಳದಂತೆ ಕೂರುತ್ತದೆ. ಮೇಲೇರಲಾಗದ ತೇವ ನೂರಾರು ಕಿಲೋಮೀಟರ್ ಉದ್ದಕ್ಕೂ ಮೋಡವಾಗಿ ಹರಡುತ್ತದೆ. ಎಲ್ ನಿನೊ ವರ್ಷಗಳಲ್ಲಿ ಅಲ್ಲಿನ ನೀರು ಬಿಸಿಯಾದಾಗ ಈ ಮೋಡ ಚದುರುತ್ತದೆ, ಬಿಸಿಲು ನೇರ ಕಡಲಿಗಿಳಿಯುತ್ತದೆ, ನೀರು ಇನ್ನಷ್ಟು ಕಾಯುತ್ತದೆ.

ನನ್ನ ಆತಂಕ ಇರುವುದು ಇಲ್ಲೇ. ಹಸಿರುಮನೆ ಅನಿಲಗಳಿಂದಾಗಿ ಭೂಮಿಯಲ್ಲೇ ಉಳಿದ ಹೆಚ್ಚುವರಿ ಶಾಖದಲ್ಲಿ ಶೇ. 90ರಷ್ಟನ್ನು ಸಾಗರಗಳೇ ನುಂಗಿವೆ. ಕಡಲು ಕಾದಂತೆಲ್ಲ ತಗ್ಗಿನ ಮೋಡಗಳು ಕಡಿಮೆಯಾಗುವ ಸಂಭವವಿದೆ. ಮೋಡಗಳಲ್ಲಾಗುವ ಬದಲಾವಣೆ ಒಟ್ಟಾರೆ ಬಿಸಿಯನ್ನು ಹೆಚ್ಚಿಸುವ ಕಡೆಗೇ ವಾಲುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿಯೂ ಹೇಳಿದೆ. ಎಷ್ಟು ಹೆಚ್ಚಿಸುತ್ತದೆ ಎಂಬ ಲೆಕ್ಕ ಮಾತ್ರ ಹವಾಮಾನ ವಿಜ್ಞಾನಿಗಳಿಗೆ ಇಂದಿಗೂ ಅತಿ ಕಠಿಣ ಸವಾಲುಗಳಲ್ಲೊಂದು.