ಜಾಲತಾಣದ ಸ್ಥಳಾಂತರ: ಅರ್ಜಿದಾರರ ಮತ್ತು ಪೋಷಕರ ಗಮನಕ್ಕೆ

ವಿದ್ಯಾರ್ಥಿವೇತನದ ಅರ್ಜಿ ಸ್ವೀಕರಿಸುವ ನಮ್ಮ ಟ್ರಸ್ಟಿನ ಜಾಲತಾಣವನ್ನು ಈ ಸಾಲಿನಲ್ಲಿ ಹೊಸ ಸರ್ವರ್‌ಗೆ ಸ್ಥಳಾಂತರಿಸಿದ್ದೇವೆ. ಅರ್ಜಿ ನಮೂನೆ ಕೆಲವು ದಿನ ಏಕೆ ಮುಚ್ಚಿತ್ತು, ಪಾಸ್‌ಬುಕ್ ಪ್ರತಿಯನ್ನು ಮತ್ತೊಮ್ಮೆ ಏಕೆ ಕೇಳಿದಿರಿ ಎಂದು ಗೋಪಾಳ ಹಾಗೂ ಭದ್ರಾವತಿಯ ಪೋಷಕರು ವಿಚಾರಿಸಿದ್ದಾರೆ. ಅವರಿಗೆ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಜಾಲತಾಣದಲ್ಲಿ ಎರಡು ಭಾಗಗಳಿರುತ್ತವೆ. ಕಣ್ಣಿಗೆ ಕಾಣುವ ಪುಟಗಳು ಶಾಲೆಯ ಕಟ್ಟಡವಿದ್ದಂತೆ. ಹೆಸರು, ಅಂಕ, ಬ್ಯಾಂಕ್ ಖಾತೆಗಳಿರುವ ಡೇಟಾಬೇಸ್ ದಾಖಲಾತಿ ರಿಜಿಸ್ಟರ್ ಇದ್ದಂತೆ. ಕಟ್ಟಡವನ್ನು ಮತ್ತೆ ಕಟ್ಟಬಹುದು. ರಿಜಿಸ್ಟರಿನ ಒಂದು ಸಾಲು ಕೆಟ್ಟರೆ ಒಂದು ಮಗುವಿನ ಶುಲ್ಕ ನಿಲ್ಲುತ್ತದೆ.

ಮೊದಲ ತೊಡಕು ಲಿಪಿಯದು. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಉರ್ದು ಅಕ್ಷರಕ್ಕೆ 2 ಬೈಟ್, ಕನ್ನಡದ ಪ್ರತಿ ಅಕ್ಷರಕ್ಕೂ ಸ್ವರಚಿಹ್ನೆಗೂ 3 ಬೈಟ್ ಬೇಕು. ‘ಗೋಪಾಳ’ ಎಂದು ಬರೆಯಲು 15 ಬೈಟ್. ಹೊಸ ಡೇಟಾಬೇಸನ್ನು ಇಂಗ್ಲಿಷಿಗೆ ಮಾತ್ರ ಹೊಂದುವ ಹಳೆಯ ಪದ್ಧತಿಗೆ ಇಟ್ಟರೆ ಕನ್ನಡ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕೂರುತ್ತವೆ. ಆ ಚಿಹ್ನೆಗಳಿಂದ ಹೆಸರನ್ನು ಮರಳಿ ಪಡೆಯಲಾಗದು. ನಮ್ಮ ಪ್ರಾಯೋಗಿಕ ವರ್ಗಾವಣೆಯಲ್ಲಿ ಇದೇ ಆಯಿತು. ಹಳೆಯ ಪ್ರತಿ ಸುರಕ್ಷಿತವಾಗಿದ್ದುದರಿಂದ ವ್ಯವಸ್ಥೆಯನ್ನು ಸರಿಪಡಿಸಿ ಮತ್ತೆ ನಕಲಿಸಿದೆವು, ಅಲ್ಹಮ್ದುಲಿಲ್ಲಾಹ್. ನುಡಿಯ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾಗಿದ್ದ ಪಟ್ಟಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಂದೊಂದು ಹೆಸರನ್ನೂ ಓದಿ ನೋಡಬೇಕಾಯಿತು.

ಎರಡನೆಯ ತೊಡಕು ನಮ್ಮದೇ ತಪ್ಪು. ಪಟ್ಟಿಯನ್ನು ಪರಿಶೀಲಿಸಲು ಎಕ್ಸೆಲ್‌ನಲ್ಲಿ ತೆರೆದು, ಹಾಗೆಯೇ ಉಳಿಸಿ ಬಳಸಿದೆವು. ಎಕ್ಸೆಲ್ ಖಾತೆ ಸಂಖ್ಯೆಯನ್ನು ಲೆಕ್ಕದ ಸಂಖ್ಯೆ ಎಂದು ಭಾವಿಸಿ ಮುಂದಿನ ಸೊನ್ನೆಗಳನ್ನು ತೆಗೆದುಹಾಕುತ್ತದೆ. 15 ಅಂಕಿ ಮೀರಿದರೆ ಉಳಿದವನ್ನು ಸೊನ್ನೆ ಮಾಡುತ್ತದೆ. ಭದ್ರಾವತಿಯ ಒಬ್ಬ ವಿದ್ಯಾರ್ಥಿನಿಯ ಖಾತೆ ಸಂಖ್ಯೆಯಲ್ಲಿ ಮೊದಲ ಸೊನ್ನೆ ಇಲ್ಲದಿರುವುದು ಹಣ ಕಳುಹಿಸುವ ಮುನ್ನ ಕಣ್ಣಿಗೆ ಬಿತ್ತು. ಕಾಲೇಜು ಶುಲ್ಕದ ಕೊನೆಯ ದಿನ ಹತ್ತಿರವಿತ್ತು. ಆದ್ದರಿಂದಲೇ ಎಲ್ಲರಿಂದ ಪಾಸ್‌ಬುಕ್ ಪ್ರತಿ ಕೇಳಿದೆವು. ಇನ್ನು ಮುಂದೆ ಖಾತೆ ಸಂಖ್ಯೆಯನ್ನು ಅಕ್ಷರಗಳಂತೆಯೇ ಉಳಿಸುತ್ತೇವೆ.

ಮೂರನೆಯದು ವಿಳಾಸ. ಜಾಲತಾಣದ ಹೆಸರು ಅದೇ ಇದ್ದರೂ ಅದು ತೋರಿಸುವ ಸರ್ವರ್ ಬದಲಾಗುತ್ತದೆ. ಮನೆ ಬದಲಿಸಿದ ಮೇಲೂ ಕೆಲವು ಪತ್ರಗಳು ಹಳೆಯ ಮನೆಗೇ ಹೋಗುವಂತೆ, ಒಂದೆರಡು ದಿನ ಕೆಲವರ ಮೊಬೈಲ್ ಹಳೆಯ ಸರ್ವರನ್ನೇ ತಲುಪಬಹುದು. ಆಗ ತುಂಬಿದ ಅರ್ಜಿ ಹೊಸ ಪಟ್ಟಿಯಲ್ಲಿ ಸಿಗದು. ಅದಕ್ಕಾಗಿ ನಮೂನೆಯನ್ನು ಮುಚ್ಚಿದ್ದೆವು, ಅಷ್ಟೇ ದಿನ ಕೊನೆಯ ದಿನಾಂಕವನ್ನೂ ಮುಂದೂಡಿದೆವು.

ವರ್ಗಾವಣೆಯ ನಂತರ ಎರಡೂ ಕಡೆಯ ಅರ್ಜಿಗಳ ಸಂಖ್ಯೆ ಮತ್ತು ಮಂಜೂರಾದ ಮೊತ್ತವನ್ನು ತಾಳೆ ನೋಡಿ, ಖಾತೆ ಸಂಖ್ಯೆಗಳನ್ನು ಪಾಸ್‌ಬುಕ್ ಪ್ರತಿಯೊಂದಿಗೆ ಹೋಲಿಸಿದೆವು. ಎಲ್ಲವೂ ಸರಿಯಾದ ಮೇಲೆಯೇ ಹಳೆಯ ಸರ್ವರಿನಲ್ಲಿದ್ದ ಆಧಾರ್ ಮತ್ತು ಬ್ಯಾಂಕ್ ವಿವರಗಳನ್ನು ಅಳಿಸಿಹಾಕಿದೆವು. ದಾನಿಗಳ ಝಕಾತ್ ಹಣ ಹೇಗೆ ಅಮಾನತ್ತೋ, ಮಕ್ಕಳ ವಿವರಗಳೂ ಹಾಗೆಯೇ ಅಮಾನತ್. ಅವು ಬೇಕಾದಲ್ಲಿ ಇರಬೇಕು, ಬೇಡವಾದಲ್ಲಿ ಉಳಿಯಬಾರದು.

ಅರ್ಜಿದಾರರಲ್ಲಿ ವಿನಂತಿ:

1. ಅರ್ಜಿ ಸಲ್ಲಿಸಿದ ಮೇಲೆ ಬರುವ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸಂಖ್ಯೆ ಬಾರದಿದ್ದರೆ ಅರ್ಜಿ ತಲುಪಿಲ್ಲವೆಂದೇ ತಿಳಿಯಿರಿ.

2. ಖಾತೆ ಸಂಖ್ಯೆಯನ್ನು ಸೊನ್ನೆಗಳ ಸಹಿತ ಪಾಸ್‌ಬುಕ್ಕಿನಲ್ಲಿರುವಂತೆಯೇ ನಮೂದಿಸಿ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದೆ. ಹಳೆಯ ಪಾಸ್‌ಬುಕ್ ಇರುವವರು ಹೊಸ ಐಎಫ್‌ಎಸ್‌ಸಿ ಕೇಳಿ ಬರೆಯಿರಿ.

3. ಹೆಸರು ಅಂಕಪಟ್ಟಿಯಲ್ಲಿರುವಂತೆ ಇರಲಿ. ತಪ್ಪು ಕಂಡರೆ ಸಂಕೋಚವಿಲ್ಲದೆ ತಿಳಿಸಿ.

4. ಜಾಲತಾಣ ತೆರೆಯದಿದ್ದರೆ ಟ್ರಸ್ಟಿನ ಕಚೇರಿಗೆ ಬನ್ನಿ. ಕಾಗದದ ಅರ್ಜಿಗೂ ಅಷ್ಟೇ ಮಾನ್ಯತೆಯಿದೆ.

ಮೊಬೈಲ್ ಇಲ್ಲದ ಕಾರಣಕ್ಕೆ ಯಾವ ಮಗುವೂ ಅವಕಾಶ ಕಳೆದುಕೊಳ್ಳದಂತೆ ನೋಡಿಕೊಳ್ಳುತ್ತೇವೆ, ಇನ್‌ಶಾ ಅಲ್ಲಾಹ್. ನಿಮ್ಮ ದುಆಗಳಲ್ಲಿ ನಮ್ಮನ್ನೂ ನೆನಪಿಸಿಕೊಳ್ಳಿ.