ಹಳೆಯ ಹೈಬ್ರಿಡ್ ಕಾರು: ಬ್ರೇಕ್ ದುರಸ್ತಿಗೆ ಹಣ ಹಾಕಬೇಕೆ?

ಹಳೆಯ ಹೈಬ್ರಿಡ್ ಕಾರಿನ ಬ್ರೇಕ್ ದುರಸ್ತಿಗೆ ಗ್ಯಾರೇಜಿನವರು ದೊಡ್ಡ ಮೊತ್ತ ಹೇಳಿದಾಗ, ಕೆಟ್ಟಿರುವುದು ಯಾವ ಭಾಗವೆಂದು ಮೊದಲು ಕೇಳಬೇಕು.

ಹೈಬ್ರಿಡ್‌ಗಳೆಲ್ಲ ಒಂದೇ ಬಗೆಯವಲ್ಲ. 2015ರಲ್ಲಿ ಬಂದ ಮಾರುತಿ ಸಿಯಾಜ್ ಎಸ್‌ಎಚ್‌ವಿಎಸ್‌ನ ಬ್ರೇಕ್ ವ್ಯವಸ್ಥೆ ಸಾಮಾನ್ಯ ಕಾರಿನದೇ. ಪ್ಯಾಡ್, ಡಿಸ್ಕ್ ಬದಲಿಸಲು ‘ಹೈಬ್ರಿಡ್’ ಎಂಬ ಹೆಸರಿಗೆ ಹೆಚ್ಚು ತೆರಬೇಕಿಲ್ಲ. 2013ರಿಂದ ಬಿಡದಿಯಲ್ಲಿ ತಯಾರಾದ ಟೊಯೊಟಾ ಕ್ಯಾಮ್ರಿ ಹೈಬ್ರಿಡ್‌ನ ರೀತಿ ಬೇರೆ. ವೇಗ ತಗ್ಗುವಾಗ ಅದರ ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಉಳಿದ ತಡೆಯನ್ನು ಬ್ರೇಕ್ ಆಯಿಲ್‌ನ ಒತ್ತಡ ಒದಗಿಸುತ್ತದೆ. ಹೀಗಾಗಿ ಪ್ಯಾಡ್‌ಗಳು ನಿಧಾನವಾಗಿ ಸವೆಯುತ್ತವೆ. ಆದರೆ ಎರಡನ್ನೂ ಹೊಂದಿಸುವ ಎಲೆಕ್ಟ್ರಾನಿಕ್ ಘಟಕ ಕೆಟ್ಟರೆ ವೆಚ್ಚ ಬಹಳ.

ಆದ್ದರಿಂದ ಸ್ಕ್ಯಾನರಿನಿಂದ ದೋಷವನ್ನು ಪತ್ತೆ ಮಾಡಿಸಿ, ಭಾಗದ ಬೆಲೆ, ಕೂಲಿ, ಖಾತರಿಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಇನ್ನೊಂದು ಗ್ಯಾರೇಜಿನ ಅಭಿಪ್ರಾಯವನ್ನೂ ಕೇಳಿರಿ. ಹೈಬ್ರಿಡ್ ಬ್ಯಾಟರಿಯನ್ನು ಅದೇ ವೇಳೆ ಪರೀಕ್ಷಿಸಿರಿ. ಅದೂ ಸೋತಿದ್ದರೆ ಬ್ರೇಕಿಗೆ ಸುರಿದ ಹಣ ಕೆಲವೇ ತಿಂಗಳಲ್ಲಿ ವ್ಯರ್ಥವಾದೀತು. ಖಾಸಗಿ ಕಾರಿನ ನೋಂದಣಿ ಅವಧಿ 15 ವರ್ಷ. ಬಳಿಕ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನವೀಕರಿಸಬೇಕು. 2013ರಲ್ಲಿ ನೋಂದಾಯಿಸಿದ ಕಾರಿಗೆ ಆ ಗಡುವು 2028. ದುರಸ್ತಿಯ ವೆಚ್ಚವನ್ನು ಉಳಿದಿರುವ ವರ್ಷಗಳಿಗೆ ಹಂಚಿ ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ.

ದುರಸ್ತಿ ಬೇಡವೆಂದಾದರೆ ಕಾರನ್ನು ಓಡಿಸುವುದೂ ಬೇಡ. ಮಾರುವಾಗ ದೋಷವನ್ನು ತಿಳಿಸಿಯೇ ಮಾರಿರಿ. ಅಂಚೆಟ್ಟಿಯ ಇಳಿಜಾರಿನಲ್ಲಾಗಲಿ, ಲಾರಿಗಳು ಸಾಲುಗಟ್ಟುವ 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಮಕ್ಕಳು ಕುಳಿತ ಕಾರಿಗೆ ಅರೆಬರೆ ಬ್ರೇಕ್ ಸಲ್ಲದು.